ಕುಸುಬಿ ಎಣ್ಣೆಯಲ್ಲಿ ನೆನೆದ ಬೀಗ

ಆ ಬೀಗ ನೋಡಲಿಕ್ಕೆ ಸುಟ್ಟ ಬದನೆಕಾಯಿಯ ಹಾಗೆ ಇತ್ತು. ಇತಿಹಾಸ ಓದಿದವರು ಕ್ಷಮಿಸಬೇಕು, ನಾನು ಕಂಡದ್ದನ್ನು ಹೇಳುತ್ತಿದ್ದೇನೆ. ಕಾಗಿಣಾ ನದಿಯ ದಂಡೆಯ ನಮ್ಮೂರಿನ ಹಾಳೂರ ದಿಬ್ಬದಲ್ಲಿ ಅಗೆಯುತ್ತಿದ್ದವರಿಗೆ ಅದು ಸಿಕ್ಕ ದಿನ ಎಲ್ಲರಿಗೂ ಹಬ್ಬ. ನಾನು ಮಾತ್ರ ಇದಕ್ಕೂ ಒಂದು ಡಬ್ಬಿ ಬೇಕಲ್ಲ, ಎಲ್ಲಿಂದ ತರಲಿ ಅಂತ ಗೊಣಗಿದೆ. ಡಬ್ಬಿ ಹೊಂದಿಸುವ ಕೆಲಸ ಆಗಲೇ ನನ್ನ ತಲೆಗೆ ಬಂದಿತ್ತು.

ಅದನ್ನು ತಲೆಗೆ ತಂದುಕೊಂಡವಳೂ ನಾನೇ. ಉತ್ಖನನದ ತಂಡದವರು ನಮ್ಮ ಮನೆಯ ಮುಂದಿನ ಎರಡು ಖೋಲಿಗಳನ್ನು ಬಾಡಿಗೆಗೆ ಹಿಡಿದಿದ್ದರು. ಅವರು ಮಡಕೆಯ ಚೂರುಗಳನ್ನು ನನ್ನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ತೊಳೆಯುತ್ತಾರೆ, ನನ್ನ ಮಾಳಿಗೆಯ ಮೇಲೆ ಹಪ್ಪಳ ಹರವಿದಂತೆ ಹರವುತ್ತಾರೆ ಅಂತ ಬಾಡಿಗೆಗೆ ಕೊಡುವಾಗ ಯಾರೂ ಹೇಳಿರಲಿಲ್ಲ. ಅದನ್ನು ಹೇಗೋ ಸಹಿಸಿಕೊಂಡೆ. ಸಹಿಸಲಿಕ್ಕೆ ಆಗದ್ದು ಚೀಟಿಗಳ ಮೇಲಿನ ಅಕ್ಷರ. ಒಂದೊಂದು ಚೂರಿಗೂ ಅದು ಯಾವ ಗುಂಡಿಯಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತು ಅಂತ ಚೀಟಿ ಬರೆಯಬೇಕು. ಆ ಚೀಟಿಗಳನ್ನು ನೋಡಿದರೆ ಕೋಳಿ ಕೆದರಿದಂತೆ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ಸ್ವಯಂ ನಿವೃತ್ತಿ ಪಡೆದವಳು ನಾನು, ಕೆಟ್ಟ ಅಕ್ಷರ ಕಂಡರೆ ಈಗಲೂ ಕೈ ಬೆತ್ತ ಹುಡುಕುತ್ತದೆ. ಒಂದು ದಿನ ಸಿಟ್ಟು ತಡೆಯದೆ ಪೆನ್ನು ಕಸಿದುಕೊಂಡು ನಾನೇ ಬರೆದೆ. ತಂಡದ ಮುಖ್ಯಸ್ಥೆ ಮೈಸೂರು ಕಡೆಯ ಹುಡುಗಿ, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು, ಊರಿಗೆಲ್ಲ ಮೇಡಂ. ಆಕೆ ನನ್ನ ಅಕ್ಷರ ನೋಡಿ ನಕ್ಕು, ಟೀಚರ್, ಇನ್ನು ಮೇಲೆ ನೀವೇ ಬರೀರಿ ಅಂದಳು. ಹಾಗೆ ಚೀಟಿ ನನ್ನದಾಯಿತು, ಆಮೇಲೆ ದಾಖಲೆ ವಹಿ ನನ್ನದಾಯಿತು, ಕಡೆಗೆ ಸಾಮಾನಿನ ಖೋಲಿಯ ಎರಡನೇ ಚಾವಿಯೂ ನನ್ನ ಕೈಗೆ ಬಂತು. ಆ ಚಾವಿ ಕೊಡುವಾಗ ಆಕೆ ಒಂದೇ ಮಾತು ಹೇಳಿದ್ದಳು: ನಾನಿಲ್ಲದಾಗ ಯಾರಿಗೂ ಕೊಡಬೇಡಿ.

ಬೀಗ ಸಿಕ್ಕದ್ದು ಕೆಲಸದ ಹೆಣ್ಣುಮಗಳೊಬ್ಬಳ ಕುರ್ಪಿಯ ತುದಿಗೆ. ಚೋಟುದ್ದದ ಕಬ್ಬಿಣದ ಕೊಳವೆ, ಮೇಲೆ ಎರಡು ಹಿತ್ತಾಳೆಯ ಪಟ್ಟಿ, ಪಕ್ಕದಲ್ಲಿ ಒಂದು ಸರಳು. ಬಹಮನಿ ಸುಲ್ತಾನರ ಕಾಲದ್ದು, ಇಲ್ಲವೇ ಅದಕ್ಕೂ ಸ್ವಲ್ಪ ಹಿಂದಿನದು ಅಂತ ಮೇಡಂ ಹೇಳಿದಳು. ಇದು ಹೇಗೆ ಬೀಗ ಆಗುತ್ತದೆ ಅಂತ ಕೇಳಿದ್ದಕ್ಕೆ ನಮ್ಮ ಮನೆಯ ಛತ್ರಿ ತಂದು ತೋರಿಸಿದಳು. ಛತ್ರಿಯ ಕೋಲಿನಲ್ಲಿ ಒಂದು ತಗಡಿನ ನಾಲಿಗೆ ಇರುತ್ತದಲ್ಲ, ಒತ್ತಿದರೆ ಒಳಗೆ ಹೋಗಿ, ಬಿಟ್ಟರೆ ಚಿಮ್ಮಿ ನಿಲ್ಲುವುದು. ಆ ಕೊಳವೆಯೊಳಗೂ ಅಂಥವೇ ನಾಲಿಗೆಗಳು. ಸರಳನ್ನು ದೂಡಿದರೆ ನಾಲಿಗೆಗಳು ಒಳಗೆ ಅರಳಿ ನಿಲ್ಲುತ್ತವೆ, ಬೀಗ ಬೀಳುತ್ತದೆ. ಚಾವಿಯನ್ನು ತಿರುಗಿಸುವುದಿಲ್ಲ, ಇನ್ನೊಂದು ತುದಿಯಿಂದ ಒಳಗೆ ದೂಡುತ್ತಾರೆ. ಅದು ನಾಲಿಗೆಗಳನ್ನು ಅದುಮಿದಾಗ ಸರಳು ಹೊರಗೆ ಬರುತ್ತದೆ. ಪಾಠ ಚೆನ್ನಾಗಿತ್ತು, ಒಪ್ಪಿಕೊಂಡೆ. ತುಕ್ಕು ಹಿಡಿದು ಎಲ್ಲ ಒಂದೇ ಮುದ್ದೆಯಾಗಿದ್ದರಿಂದ ಇದು ಹಾಕಿದ ಬೀಗವೋ ತೆರೆದ ಬೀಗವೋ ಅಂತ ಹೊರಗಿನಿಂದ ಹೇಳಲಿಕ್ಕೆ ಬರುವುದಿಲ್ಲ, ಎಕ್ಸ್‌ರೇ ತೆಗೆಸಬೇಕು ಅಂದಳು. ಅಲ್ಲಿಯವರೆಗೆ ನೀರು ತಾಗಬಾರದು, ಎಣ್ಣೆ ತಾಗಬಾರದು, ಬರಿಗೈ ತಾಗಬಾರದು. ತೇವ ಹೀರುವ ಹರಳುಗಳನ್ನು ಹಾಕಿದ ಡಬ್ಬಿಯೊಂದರಲ್ಲಿ ಅದನ್ನು ಇಟ್ಟೆವು. ಚೀಟಿ ನಾನೇ ಬರೆದೆ, ದುಂಡಗೆ.

ನಮ್ಮ ಅತ್ತೆಗೆ ಮಾತ್ರ ಆ ಬೀಗ ಮನೆಗೆ ಬಂದದ್ದು ಸೇರಲಿಲ್ಲ. ಅವರಿಗೆ ಎಂಬತ್ತು ದಾಟಿದೆ. ಕಣ್ಣು ಮಂಜು, ಕಿವಿ ಚುರುಕು, ಕಾಲು ನನ್ನ ಕಾಲಿಗಿಂತ ಗಟ್ಟಿ. ಆ ಹೊತ್ತಿಗೆ ನನ್ನ ಮಗಳು ಚೊಚ್ಚಲ ಹೆರಿಗೆಗೆ ಅಂತ ತವರಿಗೆ ಬಂದಿದ್ದಳು, ಕುಬಸ, ಅಂದರೆ ಸೀಮಂತ, ಮುಗಿಸಿಕೊಂಡು, ಚಿಂಚೋಳಿ ತಾಲೂಕಿನ ಐನಾಪುರದಿಂದ. ಹೆರಿಗೆಯ ಹೊತ್ತಿನಲ್ಲಿ ಮನೆಯಲ್ಲಿ ಒಂದು ಬೀಗವೂ ಹಾಕಿರಬಾರದು ಅನ್ನುವುದು ಅತ್ತೆಯ ನೇಮ. ಪೆಟ್ಟಿಗೆ, ಕಪಾಟು, ಬಾಗಿಲು ಎಲ್ಲ ತೆರೆದಿಡಬೇಕು, ಚೀಲದ ಬಾಯಿಯ ಗಂಟೂ ಬಿಚ್ಚಬೇಕು. ಮನೆಯಲ್ಲಿ ಮುಚ್ಚಿದ್ದು ಇದ್ದರೆ ಹೊಟ್ಟೆಯೊಳಗಿನದು ಹೊರಗೆ ಬರುವುದಿಲ್ಲ ಅನ್ನುವ ನಂಬಿಕೆ. ಈ ಕಡೆಯ ಹಳೆಯ ಹೆಂಗಸರಲ್ಲಿ ಇದು ಇದ್ದದ್ದೇ.

ಆದರೆ ನಮ್ಮ ಅತ್ತೆಯದು ಬರಿಯ ನಂಬಿಕೆಯಲ್ಲ, ಹೆದರಿಕೆ. ಅವರ ಮೊದಲ ಕೂಸು ಹುಟ್ಟುವಾಗಲೇ ಸತ್ತಿತ್ತು. ತವರಿನಲ್ಲಿ ಎರಡು ದಿನ ನೋವು ತಿಂದರಂತೆ. ಮನೆಯ ಬೀಗಗಳನ್ನೆಲ್ಲ ತೆಗೆದರೂ ಅವರದೇ ತಗಡಿನ ಪೆಟ್ಟಿಗೆಯ ಬೀಗ ಒಂದು ತೆಗೆಯಲಿಕ್ಕೆ ಆಗಲಿಲ್ಲವಂತೆ, ಚಾವಿ ಸಿಗಲಿಲ್ಲವಂತೆ. ಈ ಕಥೆಯನ್ನು ನಾನು ಈ ಮನೆಗೆ ಸೊಸೆಯಾಗಿ ಬಂದ ವರ್ಷವೇ ಕೇಳಿದ್ದೆ. ಅದು ನಡೆದು ಅರವತ್ತು ವರ್ಷದ ಮೇಲಾಯಿತು, ಅವರು ಆ ಪೆಟ್ಟಿಗೆಯ ಮಾತು ಬಂದರೆ ಇವತ್ತಿಗೂ ಎದ್ದು ಹೋಗುತ್ತಾರೆ. ನಾನು ಹೆರುವಾಗಲೂ ಮನೆಯ ಬಾಗಿಲುಗಳ ಕೊಂಡಿಯನ್ನೇ ಕೀಳಿಸಿದ್ದರು. ಬೇಕಾದರೆ ನೋಡಿ, ಆ ಚೌಕಟ್ಟಿನಲ್ಲಿ ಇನ್ನೂ ಮೊಳೆಯ ತೂತುಗಳಿವೆ.

ನಾನೋ ವಿಜ್ಞಾನದ ಟೀಚರು. ಮೂಢನಂಬಿಕೆಯ ಪಾಠ ಬಂದಾಗಲೆಲ್ಲ ಮಕ್ಕಳಿಗೆ ಇದೇ ಉದಾಹರಣೆ ಕೊಡುತ್ತಿದ್ದೆ. ಪೆಟ್ಟಿಗೆಗೂ ಹೊಟ್ಟೆಗೂ ಏನು ಸಂಬಂಧ, ಒಬ್ಬರಾದರೂ ಹೇಳಿ ನೋಡೋಣ ಅಂತ ನಗಿಸುತ್ತಿದ್ದೆ. ಮನೆಯಲ್ಲೂ ಅತ್ತೆಗೆ ಅದನ್ನೇ ಹೇಳುತ್ತಿದ್ದೆ. ಅವರು ಪ್ರತಿ ಸಲವೂ ಮುಖ ತಿರುಗಿಸಿ ಕಸಬರಿಗೆ ಹಿಡಿಯುತ್ತಿದ್ದರು. ಬೀಗ ಬಂದ ಮೇಲೆ ದಿನಕ್ಕೊಂದು ಸಲ ಮೇಡಂ ದಾರಿಗೆ ಅಡ್ಡ ನಿಂತು ಅದು ಹಾಕ್ಯದೋ ತೆಗದದೋ ಅಂತ ಕೇಳುವುದು, ಆಕೆ ಗೊತ್ತಿಲ್ಲ ಅಜ್ಜಿ ಅನ್ನುವುದು, ನಾನು ಒಳಗಿನಿಂದ ನಗುವುದು ನಡೆದೇ ಇತ್ತು. ಎಕ್ಸ್‌ರೇಗೆ ಕಲಬುರಗಿಗೆ ಕಳಿಸುವ ದಿನ ಒಂದಲ್ಲ ಒಂದು ಕಾರಣಕ್ಕೆ ಮುಂದೆ ಹೋಗುತ್ತಿತ್ತು.

ಮಗಳಿಗೆ ನೋವು ಶುರುವಾದದ್ದು ಎಳ್ಳಮಾಸಿಯ, ಅಂದರೆ ಎಳ್ಳ ಅಮಾವಾಸ್ಯೆಯ, ದಿನ ಬೆಳಿಗ್ಗೆ. ನಮ್ಮ ಕಡೆ ಎಳ್ಳಮಾಸಿ ಅಂದರೆ ಊರಿಗೆ ಊರೇ ಹೊಲದಲ್ಲಿ ಇರುತ್ತದೆ. ಸೊಪ್ಪು ಕಾಳು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಜೋಳದ ಕಡಬು ಕಟ್ಟಿಕೊಂಡು ಟ್ರ್ಯಾಕ್ಟರ್ ಹತ್ತಿದರೆ ಸಂಜೆಗೇ ಮರಳುವುದು. ಓಣಿಯಲ್ಲಿ ನಾಯಿಯೂ ಇರಲಿಲ್ಲ. ಅಗೆತಕ್ಕೆ ರಜೆ, ಮೇಡಂ ಊರಿಗೆ ಹೋಗಿದ್ದಳು, ಮರುದಿನ ಸಂಜೆ ವಾಡಿ ಜಂಕ್ಷನ್‌ನಲ್ಲಿ ಇಳಿಯುವವಳಿದ್ದಳು. ನಮ್ಮ ಯಜಮಾನರದು ವಾಡಿಯಲ್ಲೇ ರೈಲ್ವೆ ನೌಕರಿ, ಅವತ್ತೇ ಡ್ಯೂಟಿ. ಅಳಿಯನಿಗೆ ಫೋನು ಹಚ್ಚಿದರೆ ಐನಾಪುರದ ಹೊಲದಲ್ಲಿ ಸಿಗ್ನಲ್ ಇಲ್ಲ. ಆಂಬುಲೆನ್ಸ್ ಬಂದಾಗ ಹತ್ತಿದವರು ಮಗಳು ಮತ್ತು ನಾನು. ಅತ್ತೆ ಬರಲಿಲ್ಲ. ನನಗ ಇಲ್ಲೇ ಕೆಲಸದ ಅಂದರು. ಯಾವ ಕೆಲಸ ಅಂತ ನಾನು ಕೇಳಲಿಲ್ಲ, ಗೊತ್ತಿತ್ತು.

ಸೇಡಂ ದಾರಿಯುದ್ದಕ್ಕೂ ಕೋಡ್ಲಾದ ಸಿಮೆಂಟ್ ಫ್ಯಾಕ್ಟರಿಯ ಲಾರಿಗಳು, ನಡುವೆ ಹೊಲಕ್ಕೆ ಹೊರಟವರ ಟ್ರ್ಯಾಕ್ಟರುಗಳು. ಎಲ್ಲರೂ ಆಂಬುಲೆನ್ಸಿಗೆ ದಾರಿ ಬಿಟ್ಟರು, ಒಂದಿಬ್ಬರು ಹೆಂಗಸರು ನಿಂತಲ್ಲೇ ಕೈ ಮುಗಿದರು. ದವಾಖಾನೆಯಲ್ಲಿ ಡಾಕ್ಟರಮ್ಮ ಒಳ್ಳೆಯವರು, ಧೈರ್ಯ ಹೇಳಿದರು. ಆದರೆ ಹನ್ನೆರಡಾಯಿತು, ಒಂದಾಯಿತು. ನೋವು ಬರುತ್ತದೆ, ಹೋಗುತ್ತದೆ, ಮುಂದೆ ಸಾಗುವುದಿಲ್ಲ. ಗರ್ಭಕೋಶದ ಬಾಯಿ ತೆರೀತಾ ಇಲ್ಲ, ಕೂಸಿನ ಎದೆಬಡಿತ ನಡುನಡುವೆ ಇಳೀತದ, ಇನ್ನೊಂದು ತಾಸು ನೋಡಿ ಕಲಬುರಗಿಗೆ ಕಳಿಸಿಬಿಡ್ತೀವಿ, ಅಲ್ಲಿ ಆಪರೇಷನ್ ಮಾಡ್ತಾರ ಅಂದರು. ಕಲಬುರಗಿಗೆ ಎಷ್ಟು ಹೊತ್ತು ಬೇಕು, ಆ ಲಾರಿಗಳ ನಡುವೆ ಎಷ್ಟು ಹೊತ್ತು ಬೇಕು ಅಂತ ನನ್ನ ತಲೆ ಲೆಕ್ಕ ಹಾಕುತ್ತಿತ್ತು, ತಾಳೆಯಾಗುತ್ತಿರಲಿಲ್ಲ. ಒಳಗಿನಿಂದ ಮಗಳು ಅವ್ವಾ ಅಂತ ಕೂಗಿದ್ದು ಕೇಳಿತು. ಆಮೇಲೆ ಕೂಗು ಕೇಳಲಿಲ್ಲ. ಕೂಗಿದ್ದಕ್ಕಿಂತ ಕೂಗದೇ ಇದ್ದದ್ದು ನನ್ನನ್ನು ಹೆಚ್ಚು ಹೆದರಿಸಿತು.

ಆಗ ಅತ್ತೆಯ ಫೋನು ಬಂತು. ಅವರದು ಗುಂಡಿಯ ಫೋನು, ಎರಡನೇ ಗುಂಡಿ ಒತ್ತಿದರೆ ನಾನು. ಆಗಿದೆಯೋ ಇಲ್ಲವೋ ಅಂತ ಕೇಳಲಿಲ್ಲ, ನನ್ನ ಉಸಿರಿನಲ್ಲೇ ತಿಳಿದುಕೊಂಡರು. ಏನೇನು ತೆಗೆದಿದ್ದೇನೆ ಅಂತ ಒಂದೊಂದೇ ಹೇಳಿದರು. ನನ್ನ ಕಪಾಟು, ದೇವರ ಪೆಟ್ಟಿಗೆ, ಹಿತ್ತಲ ಬಾಗಿಲು, ಮೋಟರಿನ ಪೆಟ್ಟಿಗೆ, ಯಜಮಾನರ ಹಳೆಯ ಸೈಕಲ್ಲಿನದು ಸಹ. ಜೋಳದ ಚೀಲದ ಬಾಯಿ ಬಿಚ್ಚಿದ್ದಾಗಿದೆ.

"ಮುಂದಿನ ಖೋಲಿ ಒಂದೇ ಉಳದದ," ಅಂದರು. "ಚಾವಿ ಎಲ್ಲಿಟ್ಟೀದಿ?"

ಮೂವತ್ತು ವರ್ಷ ಪಾಠ ಮಾಡಿದ ಬಾಯಿ ಇದು. ಅದರಿಂದ ಏನು ಬರಬೇಕಿತ್ತೋ ಅದು ಬರಲಿಲ್ಲ. ಮೇಡಂ ಹೇಳಿದ್ದ ಮಾತು ನೆನಪಿತ್ತು, ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ಆದರೆ ಆ ಹೊತ್ತಿಗೆ ಯಾರಾದರೂ ಬಂದು ಮನೆಯ ಮಾಳಿಗೆ ಕಿತ್ತುಹಾಕಿದರೆ ಕೂಸು ಬರುತ್ತದೆ ಅಂದಿದ್ದರೂ ನಾನೇ ಹಾರೆ ಹುಡುಕಿಕೊಡುತ್ತಿದ್ದೆ.

"ಗೂಡಿನಾಗ ಸೀಮೆಸುಣ್ಣದ ಡಬ್ಬಿ ಅದ ನೋಡ್ರಿ, ಅದರಾಗದ," ಅಂದೆ. "ಬಾಗಿಲಾ ಅಷ್ಟೇ ತೆಗೀರಿ ಅತ್ತಿ. ಒಳಗಿನ ಸಾಮಾನಿಗಿ ಕೈ ಹಚ್ಚಬ್ಯಾಡ್ರಿ."

ಅವರು ಹೂಂ ಅಂದರು. ಶಾಲೆಯಲ್ಲಿ ಅಂಥ ಹೂಂಗಳನ್ನು ಬೇಕಾದಷ್ಟು ಕೇಳಿದ್ದೇನೆ. ಯಾವುದು ಕೇಳುವ ಹೂಂ, ಯಾವುದು ಫೋನು ಇಡುವ ಹೂಂ ಅಂತ ನನಗೆ ಗೊತ್ತು. ಗೊತ್ತಿದ್ದೂ ಮರಳಿ ಫೋನು ಹಚ್ಚಲಿಲ್ಲ. ಮರದ ಬೆಂಚಿನ ಮೇಲೆ ಕುಳಿತು, ಇನ್ನೊಂದು ಬೀಗವೂ ತೆರೆಯಲಿ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ, ಬೇಡಿಕೊಂಡೆ.

ಎರಡು ಗಂಟೆಗೆ ಇನ್ನೂ ಸ್ವಲ್ಪ ಇರುವಾಗ ಒಳಗೆ ಓಡಾಟ ಜೋರಾಯಿತು. ನರ್ಸಮ್ಮ ಹೊರಗೆ ಬಂದು ಹಳೆಯ ಮೆತ್ತನೆಯ ಅರಿವೆ ಕೊಡ್ರಿ ಅಂದಳು. ಚೀಲದಿಂದ ಅರಿವೆ ತೆಗೆಯುವಾಗಲೇ ಅಳು ಕೇಳಿಸಿತು. ಮಗಳದಲ್ಲ, ಹೊಸ ಅಳು. ಹೆಣ್ಣುಕೂಸು, ತಾಯಿ ಆರಾಮ, ಕಲಬುರಗಿಗೆ ಹೋಗುವ ಕೆಲಸವಿಲ್ಲ ಅಂದರು. ಅರಿವೆ ಅವರ ಕೈಗೆ ಕೊಟ್ಟು ಅಲ್ಲೇ ನೆಲದ ಫರಸಿಯ ಮೇಲೆ ಕುಳಿತುಬಿಟ್ಟೆ. ಅಷ್ಟು ಹಗುರಾದದ್ದು ನನಗೆ ನನ್ನ ಸ್ವಂತ ಹೆರಿಗೆಯಲ್ಲೂ ನೆನಪಿಲ್ಲ. ನರ್ಸಮ್ಮ ನನ್ನನ್ನೂ ಒಂದು ಹಾಸಿಗೆಗೆ ಹಾಕಬೇಕೇನೋ ಅಂತ ಬೈದು ನೀರು ಕೊಟ್ಟಳು. ಬೈಸಿಕೊಂಡು ಅಷ್ಟು ಸುಖವಾದದ್ದೂ ಅದೇ ಮೊದಲು.

ಅತ್ತೆಗೆ ಫೋನು ಮಾಡಿದೆ. ತಾಯಿ ಆರಾಮ ಇದ್ದಾಳಲ್ಲ ಅಂತ ಎರಡು ಸಲ ಕೇಳಿದರು. ಆಮೇಲೆ, "ಆತು, ಅದೂ ತೆಗೀತು ನೋಡು," ಅಂದರು. "ಕಟ್ ಅಂತು. ನಾ ಕೇಳೀನಿ."

ಏನು ತೆಗೆಯಿತು ಅಂತ ನಾನು ಕೇಳಲೇ ಇಲ್ಲ. ಡಬ್ಬಿಯೊಳಗಿನ ಆ ಬೀಗ ಅಂತ ಗೊತ್ತಾಗಿತ್ತು.

ಅಳಿಯ ಸಂಜೆ ಬಂದ. ಹೊಲದಿಂದ ನೇರ ಬಂದಿದ್ದ, ಕೈಯಲ್ಲಿ ಭಜ್ಜಿಯ ಗಡಿಗೆ. ಎಲ್ಲ ಮುಗಿದ ಮೇಲೆ ಬಂದದ್ದಕ್ಕೆ ಅವನಿಗೂ ಬೇಸರ, ನನಗೂ ಸಿಟ್ಟು. ಆದರೆ ಆ ಭಜ್ಜಿ ಉಂಡಾಗ ಸಿಟ್ಟು ಇಳಿಯಿತು. ಹೊಟ್ಟೆಗೆ ಬೆಳಿಗ್ಗೆಯಿಂದ ಏನೂ ಬಿದ್ದಿರಲಿಲ್ಲ. ಯಜಮಾನರೂ ಡ್ಯೂಟಿ ಮುಗಿಸಿ ಬಂದರು. ಅವರಿಬ್ಬರನ್ನು ಅಲ್ಲಿ ಬಿಟ್ಟು ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ನಾನು ಊರಿಗೆ ಬಂದೆ.

ಮನೆಯ ಬಾಗಿಲುಗಳೆಲ್ಲ ಹಾರು ಹೊಡೆದಿದ್ದವು. ಸಾಮಾನಿನ ಖೋಲಿಯ ನಡುವೆ ಸ್ಟೀಲ್ ಬೋಗುಣಿ, ಅದರ ತುಂಬ ಕುಸುಬಿ ಎಣ್ಣೆ, ಎಣ್ಣೆಯೊಳಗೆ ಬಹಮನಿ ಕಾಲದ ಬೀಗ. ಪಕ್ಕದಲ್ಲಿ ತೊಗರಿ ಚೀಲ ಹೊಲಿಯುವ ದಬ್ಬಣ. ಬೋಗುಣಿಯ ಮುಂದೆ ಊದಿನಕಡ್ಡಿ ಉರಿದು ಬೂದಿಯಾಗಿತ್ತು, ಬೋಗುಣಿಗೂ ಮೂರು ಬೆರಳ ವಿಭೂತಿಯ ಗುರುತು. ನನ್ನ ದುಂಡನೆಯ ಅಕ್ಷರದ ಚೀಟಿ ಎಣ್ಣೆ ಕುಡಿದು ಅಂಟಿಕೊಂಡಿತ್ತು, ಶಾಯಿ ಹರಡಿ ಒಂದಕ್ಷರವೂ ಉಳಿದಿರಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಬೈಯಬೇಕು ಅಂತ ಬಾಯಿ ತೆರೆದೆ. ಚಾವಿ ಎಲ್ಲಿದೆ ಅಂತ ಹೇಳಿದವಳು ಯಾರು ಅಂತ ನೆನಪಾಗಿ ಮುಚ್ಚಿದೆ.

ಮೇಡಂ ಸಂಜೆ ಬರುವವಳು. ಇಡೀ ದಿನ ನನ್ನ ಕೈಯಲ್ಲಿತ್ತು. ಬೀಗ ಒರೆಸಿ, ಹೊಸ ಹರಳು ಹಾಕಿ, ಹೊಸ ಚೀಟಿ ಬರೆದು ಡಬ್ಬಿ ಮುಚ್ಚಿದರೆ ಯಾರಿಗೂ ತಿಳಿಯುವುದಿಲ್ಲ ಅಂತ ಅನಿಸಿತು. ಅರಿವೆ ತಂದೆ, ಒರೆಸಿದೆ. ಚೀಟಿ ತೆಗೆದು ಗುಂಡಿಯ ಸಂಖ್ಯೆ ಬರೆದೆ. ಆಳ ಬರೆಯುವಾಗ ಕೈ ನಿಂತಿತು. ಕಾಪಿ ಹೊಡೆದ ಎಷ್ಟು ಹುಡುಗರನ್ನು ಬಿಸಿಲಿಗೆ ನಿಲ್ಲಿಸಿಲ್ಲ ನಾನು. ಚೀಟಿ ಹರಿದು ಹಾಕಿ, ಬೀಗವನ್ನು ಕಾಗದದ ಮೇಲೆ ಇಟ್ಟು, ಆಕೆ ಬರುವವರೆಗೂ ಅದರ ಮುಂದೆಯೇ ಕುಳಿತೆ.

ಎಲ್ಲವನ್ನೂ ಹೇಳಿದೆ, ಫೋನಿನಲ್ಲಿ ಚಾವಿಯ ಜಾಗ ಹೇಳಿದ್ದನ್ನೂ. ಆಕೆ ಚೀಲ ಹೆಗಲಿಂದ ಇಳಿಸದೆ ಕೇಳಿದಳು. ಮುಗಿದ ಮೇಲೆ ಮೊದಲು ಕೇಳಿದ್ದು, "ಮಗು ಹೇಗಿದೆ?"

ಚೆನ್ನಾಗಿದೆ ಅಂದೆ. ಆಮೇಲೆ ಆಕೆ ಭೂತಗನ್ನಡಿ ತೆಗೆದುಕೊಂಡು ಕುಳಿತವಳು ಅರ್ಧ ತಾಸು ತಲೆ ಎತ್ತಲಿಲ್ಲ. ನಾನು ದವಾಖಾನೆಯ ಬೆಂಚಿನ ಮೇಲೆ ಕುಳಿತಂತೆ ಮತ್ತೆ ಕಾಯುತ್ತ ಕುಳಿತೆ. ಕಡೆಗೆ ಹೇಳಿದಳು: ಎಣ್ಣೆಯನ್ನು ಬಲ್ಲವರು ತೆಗೆಯುತ್ತಾರೆ, ನೀರಿನಲ್ಲಿ ನೆನೆಹಾಕಿದ್ದರೆ ಕೆಲಸ ಕೆಡುತ್ತಿತ್ತು. ದಬ್ಬಣದಿಂದ ಬಾಯಿಯ ಹತ್ತಿರ ತುಕ್ಕಿನ ಒಂದು ಪದರ ಎದ್ದಿದೆ, ಒಂದು ಗೀರು ಬಿದ್ದಿದೆ, ಅದು ಇನ್ನು ಹೋಗುವುದಿಲ್ಲ. ಬೀಗ ಉಳಿದಿದೆ. ಅಷ್ಟು ಹೇಳಿ ಕೈ ಚಾಚಿದಳು. ನಾನು ಚಾವಿ ಕೊಟ್ಟೆ. ನಡೆದದ್ದನ್ನು ನಡೆದಂತೆ ವಹಿಯಲ್ಲಿ ನನ್ನ ಕೈಯಿಂದಲೇ ಬರೆಸಿದಳು. ಮನೆಯ ಹಿರಿಯರು ಹೆರಿಗೆಯ ನಿಮಿತ್ತ ಕುಸುಬಿ ಎಣ್ಣೆಯಲ್ಲಿ ನೆನೆಹಾಕಿ ದಬ್ಬಣದಿಂದ ತೆರೆಯಲು ಯತ್ನಿಸಿದರು, ಅಂತ. ಅಷ್ಟು ಚೆಂದದ ಅಕ್ಷರದಲ್ಲಿ ಅಂಥ ಮಾತು ನಾನು ಹಿಂದೆ ಬರೆದಿರಲಿಲ್ಲ. ಎರಡು ದಿನ ಆಕೆ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಚೀಟಿಯ ಕಟ್ಟು ತಂದು ನನ್ನ ಮುಂದೆ ಇಟ್ಟಳು. ನನಗೆ ಕಣ್ಣು ತುಂಬಿ ಬಂತು, ಒರೆಸಿಕೊಂಡು ಬರೆಯಲಿಕ್ಕೆ ಕುಳಿತೆ.

ಅತ್ತೆಯ ಸಂಭ್ರಮವೋ ಕೇಳುವುದೇ ಬೇಡ. ಮಗಳು ಕೂಸಿನೊಂದಿಗೆ ಮನೆಗೆ ಬಂದ ಮೇಲೆ ನೋಡಲಿಕ್ಕೆ ಬಂದವರಿಗೆಲ್ಲ ಅದೇ ಕಥೆ. ಬೀಗಕ್ಕೆ ಅವರು ಕೀಲಿ ಅನ್ನುತ್ತಾರೆ. ಸುಲ್ತಾನರ ಕಾಲದ ಕೀಲಿ, ಆಫೀಸರರಿಗೂ ತೆಗೀಲಿಕ್ಕೆ ಆಗಲಿಲ್ಲ, ನಾ ತೆಗದೆ. ಅವರ ಮುಖದಲ್ಲಿ ಅಂಥ ಬೆಳಕನ್ನು ನಾನು ನೋಡಿರಲಿಲ್ಲ. ಅದಕ್ಕೇ ಒಂದೂವರೆ ತಿಂಗಳ ಮೇಲೆ ಮೇಡಂ ಕಲಬುರಗಿಯಿಂದ ಎಕ್ಸ್‌ರೇ ಹಿಡಿದುಕೊಂಡು ಬಂದು, ಹಾಳೆ ನನ್ನ ಕೈಗೆ ಕೊಟ್ಟು ವಿಷಯ ಹೇಳಿದಾಗ, ಇದನ್ನು ಅತ್ತೆಗೆ ಮಾತ್ರ ಹೇಳಬೇಡ ತಾಯಿ ಅಂತ ಬೇಡಿಕೊಂಡೆ. ಜೀವಮಾನವೆಲ್ಲ ಅವರ ನಂಬಿಕೆ ಬಿಡಿಸಲಿಕ್ಕೆ ಹೆಣಗಿದವಳು, ಬಿಡಿಸುವ ಪುರಾವೆ ಕೈಗೆ ಬಂದಾಗ ಸೆರಗಿನಲ್ಲಿ ಮುಚ್ಚಿಡಲು ನೋಡಿದೆ. ಅವರು ಸುಖವಾಗಿದ್ದರು, ನನಗೆ ಅಷ್ಟೇ ಸಾಕಾಗಿತ್ತು.

ಆದರೆ ಅವರ ಕಿವಿ ಚುರುಕು ಅಂತ ಹೇಳಿದೆನಲ್ಲ. ಕೂಸನ್ನು ಕಾಲ ಮೇಲೆ ಹಾಕಿಕೊಂಡು ಪಡಸಾಲೆಯಲ್ಲಿ ಕುಳಿತಿದ್ದವರು ಅಲ್ಲಿಂದಲೇ ಕರೆದರು. ಏನು ಬಂದಿದೆಯೋ ತನ್ನಿ, ನಾನೂ ನೋಡುತ್ತೇನೆ ಅಂದರು. ಮೇಡಂ ನನ್ನ ಮುಖ ನೋಡಿದಳು, ಆಮೇಲೆ ಹೋಗಿ ಅವರ ಪಕ್ಕದಲ್ಲಿ ಕುಳಿತು ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದಳು. ಕೊಳವೆಯೊಳಗೆ ಎರಡು ನಾಲಿಗೆಗಳು ಅಗಲವಾಗಿ ಅರಳಿ ನಿಂತದ್ದು ಬೆಳ್ಳಗೆ ಕಾಣುತ್ತಿತ್ತು.

"ಅಜ್ಜಿ, ಇದು ತೆರೆದಿಲ್ಲ," ಅಂದಳು ಮೆಲ್ಲಗೆ. "ನೀವು ಕೇಳಿದ ಸದ್ದು ತುಕ್ಕು ಎದ್ದದ್ದು. ಬೀಗ ಹಾಕಿದ್ದು ಹಾಕಿದ ಹಾಗೇ ಇದೆ."

ಅತ್ತೆ ಹಾಳೆಯನ್ನು ನೋಡಲಿಲ್ಲ, ಆಕೆಯನ್ನೇ ನೋಡಿದರು.

"ಅವತ್ತೂ ಹಾಕೇ ಇತ್ತಾ? ಈಕಿ ಹುಟ್ಟುವಾಗ?"

"ಹೌದಜ್ಜಿ. ಆಗಲೂ."

ಅವರು ಕೂಸಿನ ಕಡೆ ತಿರುಗಿದರು. ಅದು ಕಾಲು ಒದೆಯುತ್ತಿತ್ತು. ಇಷ್ಟು ನೇರ ಹೇಳಬೇಕಿತ್ತೇ ಅಂತ ನಾನು ಮೇಡಂ ಮೇಲೆ ಸಿಡುಕಲು ಹೊರಟೆ. ಅತ್ತೆ ಕೈ ಎತ್ತಿ ತಡೆದರು. ಆಮೇಲೆ ಯಾರ ಮುಖವನ್ನೂ ನೋಡದೆ, ಸಂತೆಯಿಂದ ಏನು ತಂದೆ ಅಂತ ಹೇಳುವ ಹಾಗೆ ಸಾದಾ ದನಿಯಲ್ಲಿ ಹೇಳಿದರು.

"ಪೆಟ್ಟಿಗಿ ಚಾವಿ ಕಳದಿರಲಿಲ್ಲ. ನನ್ನ ಮುಷ್ಟ್ಯಾಗೇ ಇತ್ತು. ನೋವಿಗಿ ಮುಷ್ಟಿ ಬಿಗಿ ಹಿಡದಾಳ ಅಂದ್ಕೊಂಡ್ರು ಎಲ್ಲಾರೂ."

ಚೊಚ್ಚಲ ಹೆರಿಗೆಗೆ ತವರಿಗೆ ಬರುವಾಗ ಆ ಪೆಟ್ಟಿಗೆಯಲ್ಲಿ ಸೀರೆಯ ಕೆಳಗೆ ಎರಡು ಹೆಂಟೆ ಬೆಲ್ಲ, ಒಂದು ಗಿಟಕು ಕೊಬ್ಬರಿ ಇಟ್ಟುಕೊಂಡಿದ್ದರಂತೆ. ಗಂಡನ ಮನೆಯಲ್ಲಿ ಸೊಸೆಯ ಕೈಗೆ ಬೆಲ್ಲ ಸಿಗುತ್ತಿರಲಿಲ್ಲ. ಬಸುರಿಯ ಬಯಕೆ, ಹದಿನೇಳರ ಹುಡುಗಿ, ತನ್ನ ಅತ್ತೆ ಇಲ್ಲದಾಗ ಕದ್ದು ತೆಗೆದದ್ದು. ಪೆಟ್ಟಿಗೆ ತೆರೆದರೆ ತನ್ನ ಮಗಳು ಕಳ್ಳಿ ಅಂತ ಅವ್ವನಿಗೆ ಗೊತ್ತಾಗುತ್ತದೆ ಅಂತ ಎರಡು ದಿನ ಮುಷ್ಟಿ ಬಿಡಲಿಲ್ಲ. ಯಾರಿಗೂ ಹೇಳಲಿಲ್ಲ. ಅವ್ವನಿಗೂ ಇಲ್ಲ, ಗಂಡನಿಗೂ ಇಲ್ಲ.

"ಬೆಲ್ಲದ ಆಸಿಗಿ ಕೂಸಿನ್ನ ನಾನೇ ತಿಂದೆ ಅಂತ ತಿಳ್ಕೊಂಡಿದ್ದೆ," ಅಂದರು. "ಇಲ್ಲಿ ಹಾಕಿದ ಕೀಲಿ ಹಾಕೇ ಇತ್ತು. ಈಕಿ ಬಂದ್ಳು." ಕೂಸಿನ ಕಾಲು ಹಿಡಿದುಕೊಂಡು ನನ್ನನ್ನು ಕೇಳಿದರು. "ಹಂಗಾರ ನಾ ಅಲ್ಲಲ?"

ಇಡೀ ಜೀವನ ಅವರಿಗೆ ಇದನ್ನೇ ಹೇಳಿದ್ದೆ. ಪೆಟ್ಟಿಗೆಗೂ ಹೊಟ್ಟೆಗೂ ಸಂಬಂಧವಿಲ್ಲ ಅಂತ, ಶಾಲೆಯಲ್ಲಿ ಮಕ್ಕಳನ್ನು ನಗಿಸಿದ ಅದೇ ಮಾತು. ಒಂದು ಸಲವೂ ಅವರ ಪಕ್ಕದಲ್ಲಿ ಕುಳಿತು ಹೇಳಿರಲಿಲ್ಲ. ಹೋಗಿ ಕುಳಿತೆ.

"ಅಲ್ರೀ ಅತ್ತಿ," ಅಂದೆ. "ನೀವಲ್ಲ."

ಅವರು ತಲೆ ಆಡಿಸಿದರು. ಕೂಸನ್ನು ನನ್ನ ಮಡಿಲಿಗೆ ಹಾಕಿ, ಅಲ್ಲೇ ಬರೀ ಫರಸಿಯ ಮೇಲೆ ಸೆರಗು ಹಾಸಿಕೊಂಡು ಮಲಗಿದರು. ಮಟಮಟ ಮಧ್ಯಾಹ್ನ, ಬೀದಿಯಲ್ಲಿ ಲಾರಿಗಳ ಸದ್ದು. ಅವರಿಗೆ ಅದು ಯಾವುದೂ ಕೇಳಲಿಲ್ಲ. ಕೈ ಎರಡನ್ನೂ ಚಾಚಿಕೊಂಡು ಸಂಜೆ ದೀಪ ಹಚ್ಚುವವರೆಗೂ ನಿದ್ದೆ ಮಾಡಿದರು.